ಒಂದೇ ಕೋಳಿಯ ಸಂತೆ

‘ಅಜ್ಜಾ, ಮೊದಲು ಫೋನುಗಳೊಳಗೆ ಎಷ್ಟೊಂದು ಬಗೆಯ ಸಿಸ್ಟಮ್‌ಗಳಿದ್ದವು. ಸಿಂಬಿಯನ್ ಇತ್ತು, ಬ್ಲ್ಯಾಕ್‌ಬೆರಿಯದು ಇತ್ತು, ಇನ್ನೂ ಏನೇನೋ ಇದ್ದವು. ಈಗ ನೋಡಿದರೆ ಆಂಡ್ರಾಯ್ಡ್ ಒಂದು, ಐಫೋನಿನದು ಒಂದು. ಹಾಗಾದರೆ ಉಳಿದ ಎರಡು ಮಾತ್ರ ಒಳ್ಳೆಯವು, ಹೋದವೆಲ್ಲ ಕೆಟ್ಟವು ಎಂದೇ?’

ಇಂದುಧರ ಹೀಗೆ ಕೇಳಿದ. ಕೇಳಬೇಕಾದವನನ್ನೇ ಕೇಳಿದ. ನಮ್ಮ ಗದಗ ಸೀಮೆಗೆ ಬಂದ ಮೊದಲ ಮೊಬೈಲ್ ಫೋನು ಮೊದಲ ಸಲ ಕೂಗಿದ್ದು ನನ್ನ ಅಂಗೈಯಲ್ಲಿ. ಆ ಕಡೆಯಿಂದ ಮಾತಾಡಿದವನು ಫೋನಿನ ಒಡೆಯನನ್ನು ಕೇಳಲೇ ಇಲ್ಲ, ನನ್ನ ಹೆಸರು ಹಿಡಿದು ‘ಫಕ್ಕೀರಪ್ಪನವರು ಇದ್ದಾರೆಯೇ?’ ಎಂದ. ಅಂದು ಅಲ್ಲಿದ್ದವರು ಯಾರೂ ಈಗ ಬದುಕಿಲ್ಲ. ಆ ಫೋನೂ ಬದುಕಿಲ್ಲ. ಸುಳ್ಳು ಎನ್ನುವವರು ಯಾರನ್ನು ಕರೆತರುತ್ತಾರೋ ತರಲಿ.

ನನಗೆ ಓದು ಬರುವುದಿಲ್ಲ. ಆದರೆ ಸತ್ತ ಫೋನನ್ನು ಕಿವಿಗಿಟ್ಟುಕೊಂಡರೆ ಯಾತರಿಂದ ಸತ್ತೆ ಎಂದು ಅದೇ ನನಗೆ ಹೇಳುತ್ತದೆ. ಈ ವಿದ್ಯೆ ಕಲಿಯಲು ನನ್ನ ಅಂಗಡಿಗೆ ಬಂದವರು ಬಹಳ. ಈಗ ಬೆಂಚಿನ ಮುಂದೆ ಕೂರುವವಳು ಮಮ್ತಾಜ್. ಅವಳಿಗಿಂತ ಮೊದಲು ಕೂತವನು ಈ ಇಂದುಧರ. ಅವನು ಇಲ್ಲಿಂದ ಹೋಗಿ, ಇಬ್ಬರು ಗೆಳೆಯರ ಜೊತೆ ಸೇರಿ, ಫೋನಿಗೆ ತಮ್ಮದೇ ಒಂದು ಸಿಸ್ಟಮ್ ಮಾಡಿದ್ದ. ‘ನಿಮ್ಮ ಫೋನು ಹಳೆಯದಾಯಿತು, ಇನ್ನು ಇದಕ್ಕೆ ಹೊಸದೇನೂ ಬರುವುದಿಲ್ಲ’ ಎಂದು ದೊಡ್ಡವರು ಕೈಬಿಟ್ಟ ಫೋನುಗಳಲ್ಲಿಯೂ ಅದು ಓಡುತ್ತಿತ್ತು. ನಾನು ಒಂದಕ್ಕೆ ಹಾಕಿ ನೋಡಿದ್ದೆ. ಮುದುಕ ಎದ್ದು ನಿಂತ ಹಾಗೆ ಆ ಫೋನು ಎದ್ದು ನಿಂತಿತ್ತು.

‘ಒಳ್ಳೆಯದು ಕೆಟ್ಟದ್ದು ಆಮೇಲೆ. ನಿನಗೆ ಬಂದ ಕಷ್ಟವೇನು, ಅದನ್ನು ಹೇಳು’ ಎಂದೆ.

‘ಆ್ಯಪ್ ಮಾಡುವವರನ್ನು ಕರೆದರೆ, ನಿಮ್ಮಲ್ಲಿ ಜನ ಎಲ್ಲಿದ್ದಾರೆ ಎನ್ನುತ್ತಾರೆ. ಜನರನ್ನು ಕರೆದರೆ, ನಿಮ್ಮಲ್ಲಿ ಆ್ಯಪ್ ಎಲ್ಲಿವೆ ಎನ್ನುತ್ತಾರೆ. ಇದರ ನಡುವೆ ಒಂದು ದೊಡ್ಡ ಕಂಪನಿಯವರು ಬಂದಿದ್ದಾರೆ. ನಿಮ್ಮ ಸಿಸ್ಟಮ್ ಮುಚ್ಚಿ, ಮೂವರೂ ನಮ್ಮೊಳಗೆ ಬನ್ನಿ ಎನ್ನುತ್ತಿದ್ದಾರೆ. ಇವತ್ತು ಸಂಜೆ ಅವರ ಫೋನು ಬರುತ್ತದೆ. ಹೌದು ಅಥವಾ ಇಲ್ಲ, ಒಂದು ಹೇಳಬೇಕು.’

‘ಈಗ ಅದನ್ನು ಯಾರೂ ಬಳಸುತ್ತಿಲ್ಲವೇ?’

‘ದಿನವೂ ಬಳಸುವವರೆಂದರೆ ಮಮ್ತಾಜಳ ಅಜ್ಜಿ ಒಬ್ಬರೇ. ಅದನ್ನೇನು ಲೆಕ್ಕಕ್ಕೆ ಹಿಡಿಯುವುದು ಅಜ್ಜಾ?’

ಆ ಅಜ್ಜಿಯ ಫೋನು ಅಲ್ಲಿಯೇ ಬೆಂಚಿನ ಮೇಲೆ ಇತ್ತು. ಚಾರ್ಜಿನ ತೂತಿನಲ್ಲಿ ಹಿಟ್ಟು ತುಂಬಿಕೊಂಡಿತ್ತು. ಮಮ್ತಾಜ್ ಸೂಜಿಯಿಂದ ಅದನ್ನು ತೆಗೆಯುತ್ತಿದ್ದಳು. ‘ನಮ್ಮ ಅಜ್ಜಿ ಲೆಕ್ಕಕ್ಕಿಲ್ಲ ಅಂತ ಅವಳ ಮುಂದೆ ಹೇಳಿ ನೋಡಿ, ಲಟ್ಟಣಿಗೆ ಹಿಡಿದು ಬರುತ್ತಾಳೆ’ ಎಂದಳು.

ನಾನು ಚಹಾ ಕುಡಿದು ಮುಗಿಸಿದೆ. ಆಮೇಲೆ ಹೇಳಿದೆ.

ಒಂದು ಸೀಮೆಯಲ್ಲಿ ಏಳು ಊರುಗಳಿದ್ದವು. ಏಳು ಊರಿಗೆ ಏಳು ಸಂತೆ. ಏಳೂ ಸೋಮವಾರವೇ ಕೂಡುತ್ತಿದ್ದವು. ಸೋಮವಾರ ಬಸವಣ್ಣನ ದಿನ; ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಹೊಲದ ಕೆಲಸ ನಿಂತು ಜನರಿಗೆ ಬಿಡುವಾಗುವುದು ಅಂದೇ.

‘ವಾರಕ್ಕೆ ಏಳು ದಿನ, ಊರೂ ಏಳು. ದಿನಕ್ಕೊಂದರಂತೆ ಹಂಚಿಕೊಳ್ಳಬಹುದಿತ್ತಲ್ಲ?’ ಎಂದಳು ಮಮ್ತಾಜ್.

‘ಹಂಚಿಕೊಳ್ಳಲು ಕೂತರು. ಸೋಮವಾರವನ್ನು ಬಿಟ್ಟುಕೊಡುವ ಊರು ಒಂದೂ ಇರಲಿಲ್ಲ. ಬಿಟ್ಟುಕೊಟ್ಟವರು ಬಸವಣ್ಣನಿಗೆ ಏನು ಉತ್ತರ ಹೇಳಬೇಕು?’ ಎಂದೆ. ಅವಳು ನಕ್ಕಳು. ನಾನು ಮುಂದುವರಿಸಿದೆ.

ಎತ್ತಿಗೆ ನೊಗವಿಲ್ಲ ಎಂದ ಮೇಲೆ ಗಾಡಿಯೂ ಇಲ್ಲ. ಎಲ್ಲರೂ ನಡೆದೇ ಹೋಗಬೇಕು. ನಡೆದು ಹೋಗುವವನಿಗೆ ಒಂದು ದಿನಕ್ಕೆ ಒಂದೇ ಸಂತೆ. ಆದ್ದರಿಂದ ಭಾನುವಾರ ಎಲ್ಲರೂ ಕೇಳುವ ಮಾತು ಒಂದೇ ಆಯಿತು. ಈರುಳ್ಳಿ ಮಾರುವವನು, ಕೊಳ್ಳುವವರು ನಾಳೆ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದ. ಕೊಳ್ಳುವವರು, ಈರುಳ್ಳಿಯವನು ನಾಳೆ ಎಲ್ಲಿ ಕೂರುತ್ತಾನೆ ಎಂದು ಕೇಳಿದರು.

ಒಬ್ಬ ಗೌಡ ತನ್ನ ಬಯಲಿನ ಬೇಲಿ ಕಿತ್ತುಹಾಕಿದ. ಯಾರು ಬೇಕಾದರೂ ಬನ್ನಿ, ಎಲ್ಲಿ ಬೇಕಾದರೂ ಹರವಿಕೊಳ್ಳಿ ಎಂದ. ಜನ ನುಗ್ಗಿದರು. ಅಲ್ಲಿ ಧೂಳು ಬಹಳ, ಗದ್ದಲ ಬಹಳ, ಜೇಬುಗಳ್ಳರೂ ಇದ್ದರು. ಆದರೆ ಅಲ್ಲಿ ಸಿಗದ ವಸ್ತುವಿರಲಿಲ್ಲ.

ಒಬ್ಬ ಸಾಹುಕಾರ ತನ್ನ ಬಯಲಿಗೆ ಸುತ್ತ ಗೋಡೆ ಕಟ್ಟಿ ಒಂದೇ ಬಾಗಿಲು ಇಟ್ಟ. ಪ್ರತಿ ಬುಟ್ಟಿಯನ್ನೂ ಬಾಗಿಲಲ್ಲಿ ಕೆದಕಿ ನೋಡಿ ಒಳಗೆ ಬಿಟ್ಟ. ಒಳಗೆ ಒಂದೂ ಹುಳುಕು ಬದನೆಕಾಯಿ ಇರಲಿಲ್ಲ. ಅಲ್ಲಿಗೆ ಹೋಗಿ ಬಂದವರು ವಾರವೆಲ್ಲ ಅದನ್ನೇ ಹೇಳಿಕೊಂಡು ತಿರುಗಿದರು.

ಉಳಿದವುಗಳಲ್ಲಿ ಒಂದು ಬಹಳ ಹಳೆಯ ಸಂತೆ. ಅಪ್ಪಂದಿರು ಬಂದಲ್ಲಿಗೆ ಮಕ್ಕಳೂ ಬರುತ್ತಾರೆ ಎಂದು ಅದರ ಒಡೆಯರು ಕಟ್ಟೆಯ ಮೇಲೆ ಕೂತೇ ಇದ್ದರು. ಮಕ್ಕಳು ಗೌಡನ ಬಯಲಿಗೆ ಹೋದರು. ಇವರ ಬಯಲಿನಲ್ಲಿ ಹುಲ್ಲು ಬೆಳೆಯಿತು. ಇನ್ನು ಕೆಲವು ಸಂತೆಗಳೂ ಹೀಗೇ ನಿಂತವು. ಯಾರೂ ಅವನ್ನು ಮುಚ್ಚಲಿಲ್ಲ. ಒಂದು ಸೋಮವಾರ ಯಾರೂ ಬರಲಿಲ್ಲ, ಅಷ್ಟೆ.

ಕೊನೆಗೆ ಒಬ್ಬ ವರ್ತಕ ಉಳಿದ. ಅವನು ತನ್ನ ಬಯಲಿಗೆಲ್ಲ ಬಣ್ಣದ ಕಲ್ಲು ಹಾಸಿದ್ದ. ಕಾಲಿಗೆ ಮಣ್ಣು ಹತ್ತದ ಸಂತೆ ಏಳೂ ಊರಲ್ಲಿ ಅದೊಂದೇ. ಆದರೂ ಯಾರೂ ಬರಲಿಲ್ಲ.

ಡಂಗುರ ಸಾರಿಸಿದ. ಹಲಗೆ ಬಾರಿಸಿದವನು ನಾನೇ. ಆಗ ನನ್ನ ಮೀಸೆ ಎರಡೂ ಕಿವಿಗೆ ಒಂದೊಂದು ಸುತ್ತು ಬರುತ್ತಿತ್ತು. ನನ್ನ ಹಲಗೆಯ ಪೆಟ್ಟಿಗೆ ಕೆರೆಯ ಮೀನುಗಳು ದಂಡೆಗೆ ಬಂದು, ಏನು ಸಾರುತ್ತಿದ್ದಾನೆಂದು ಕೇಳಿ ಹೋಗುತ್ತಿದ್ದವು. ‘ಬರುವ ಸೋಮವಾರ ಮಾರಲು ಬರುವವರಿಗೆಲ್ಲ ಹೋಳಿಗೆ ಊಟ!’ ಎಂದು ಸಾರಿದೆ.

ಮಾರುವವರೆಲ್ಲ ಬಂದರು. ಉಂಡರು. ಹರವಿಕೊಂಡು ಕೂತರು. ಕೊಳ್ಳುವವರು ಎಂದಿನಂತೆ ಬೇರೆ ಸಂತೆಗೆ ಹೋಗಿದ್ದರು. ಹೊತ್ತು ಹೋಗಬೇಕಲ್ಲ, ಇವರು ಒಬ್ಬರಿಗೊಬ್ಬರು ಮಾರಿಕೊಂಡರು. ಕುಂಬಾರ ಈರುಳ್ಳಿ ಹೊತ್ತುಕೊಂಡು ಹೋದ. ಈರುಳ್ಳಿಯವನು ಗಡಿಗೆ ಹೊತ್ತುಕೊಂಡು ಹೋದ.

ಮುಂದಿನ ಸೋಮವಾರ ಕೊಳ್ಳುವವರಿಗೆ ಹೋಳಿಗೆ ಹಾಕಿಸಿದ. ಅವರೂ ಬಂದು ಉಂಡರು. ಅಂದು ಮಾರುವವರಿರಲಿಲ್ಲ. ಕಲ್ಲು ತಂಪಾಗಿತ್ತು, ಎಲ್ಲರೂ ಅದರ ಮೇಲೆ ಅಡ್ಡಾದರು. ಆ ಗೊರಕೆಗೆ ಸಾಹುಕಾರನ ಗೋಡೆಯ ಗಾರೆ ಉದುರಿತು. ಎರಡು ಸೋಮವಾರವೂ ನಾನು ಪಂಕ್ತಿಯಲ್ಲಿದ್ದೆ. ನನಗೆ ಹೋಳಿಗೆ ಬಡಿಸಿದವನು ಸುಸ್ತಾಗಿ, ನನ್ನ ಪಕ್ಕದಲ್ಲೇ ಕೂತು, ಬಡಿಸಿಕೊಳ್ಳಿ ಎಂದು ಪಾತ್ರೆಯನ್ನೇ ನನ್ನ ಕೈಗೆ ಕೊಟ್ಟ.

ವರ್ತಕನ ಉಗ್ರಾಣ ಖಾಲಿಯಾಯಿತು. ಆಗ ಸಾಹುಕಾರನ ಆಳು ಬಂದ. ‘ನಿನ್ನ ಕಲ್ಲುಗಳನ್ನು ಎತ್ತಿ ತಂದು ನಮ್ಮ ಗೋಡೆಯೊಳಗೆ ಹಾಸು. ನಿನಗೂ ಒಳಗೊಂದು ಜಾಗ ಕೊಡುತ್ತೇವೆ. ಸೋಮವಾರ ಸಂಜೆ ಬರುತ್ತೇನೆ, ಉತ್ತರ ಹೇಳು’ ಎಂದು ಹೋದ.

ಸೋಮವಾರ ಸಂಜೆಯಾಯಿತು. ವರ್ತಕ ತನ್ನ ಸಂತೆಯ ಬಾಗಿಲು ಹಾಕಲು ಬಂದ. ಬಾಗಿಲಲ್ಲಿ ಒಬ್ಬಳು ಮುದುಕಿ ನಿಂತಿದ್ದಳು. ಅವಳ ಕಂಕುಳಲ್ಲಿ ಒಂದು ಕೋಳಿ ಇತ್ತು.

‘ಅಪ್ಪಾ, ಇಲ್ಲಿ ಒಂದೇ ಕೋಳಿ ಮಾರಬಹುದೇ?’ ಎಂದಳು.

‘ಅಷ್ಟು ದೊಡ್ಡ ಎರಡು ಸಂತೆ ಇರುವಾಗ ಇಲ್ಲಿಗೇಕೆ ಬಂದೆ ತಾಯಿ?’

‘ಒಂದೊಂದು ಸೋಮವಾರ ಒಂದೊಂದಕ್ಕೆ ಹೋಗಿ ಬಂದೆ. ಗೌಡನ ಬಯಲಲ್ಲಿ ತುಳಿದಾಟ. ಕೋಳಿಯನ್ನು ಉಳಿಸಿಕೊಳ್ಳಲೇ, ನನ್ನನ್ನು ಉಳಿಸಿಕೊಳ್ಳಲೇ? ಗೋಡೆಯ ಸಂತೆಯಲ್ಲಿ ಬಾಗಿಲಿಗೇ ತಡೆದರು. ಬುಟ್ಟಿ ತುಂಬ ತಂದರೆ ನೋಡೋಣ, ಇದು ಒಂದೇ ಕೋಳಿ, ಅದೂ ಮುದಿ ಕೋಳಿ ಎಂದರು. ಮುದಿಯಾದರೆ ಏನಾಯಿತಪ್ಪಾ, ಇದು ಈಗಲೂ ಮೊಟ್ಟೆ ಇಡುತ್ತದೆ.’

ಹೀಗೆ ಹೇಳಿ ಮುದುಕಿ ಕೋಳಿಯನ್ನು ಕೆಳಗೆ ಬಿಟ್ಟಳು. ಕೋಳಿ ಬಣ್ಣದ ಕಲ್ಲುಗಳ ಮೇಲೆ ಆ ಕಡೆ ಈ ಕಡೆ ನಡೆದು ನೋಡಿತು. ಒಂದು ನೀಲಿ ಕಲ್ಲನ್ನು ಆರಿಸಿಕೊಂಡು ಅದರ ಮೇಲೆ ಕೂತಿತು. ವರ್ತಕ ಕೀಲಿಕೈ ಹಿಡಿದುಕೊಂಡೇ ನಿಂತ.

ಅಷ್ಟರಲ್ಲಿ ಸಾಹುಕಾರನ ಆಳು ಬಂದ. ‘ಏನು ನಿರ್ಧಾರ ಮಾಡಿದೆ? ಕಲ್ಲು ಎತ್ತಿಸೋಣವೇ?’ ಎಂದ.

ವರ್ತಕ ಹೇಳಿದ: ‘ಈಗ ಎತ್ತಲು ಬರುವುದಿಲ್ಲ. ಮೇಲೆ ಕೋಳಿ ಕೂತಿದೆ.’

ಆಳು ನಕ್ಕು ಹೋದ. ಕೋಳಿ ಮೊಟ್ಟೆ ಇಟ್ಟಿತು. ಮುದುಕಿ ಕೋಳಿಯನ್ನು ಮಾರುವ ಯೋಚನೆ ಬಿಟ್ಟು ಮೊಟ್ಟೆಯನ್ನು ಮಾರಿದಳು. ಕೊಂಡವನು ವರ್ತಕನೇ. ಹೋಳಿಗೆ ಇಲ್ಲದೆ ಆ ಸಂತೆಯಲ್ಲಿ ನಡೆದ ಮೊದಲ ವ್ಯಾಪಾರ ಅದು. ಮುಂದಿನ ಸೋಮವಾರ ಮುದುಕಿ ತನ್ನ ತಂಗಿಯನ್ನು ಕರೆದುಕೊಂಡು ಬಂದಳು. ತಂಗಿಯ ಬಳಿ ಒಂದೇ ಕುಂಬಳಕಾಯಿ ಇತ್ತು. ಆಮೇಲೆ ಒಂದು ಹಿಡಿ ಮೆಂತ್ಯ ಇದ್ದವರು ಬಂದರು, ಹಿಡಿ ಮುರಿದ ಕುಡುಗೋಲು ಇದ್ದವರು ಬಂದರು, ಅದಕ್ಕೆ ಹಿಡಿ ಹಾಕುವವನೂ ಬಂದ. ಹೋಳಿಗೆಯನ್ನು ಯಾರೂ ಕೇಳಲಿಲ್ಲ.

ಇಂದುಧರ ಮುಂದಕ್ಕೆ ಬಾಗಿದ. ‘ಆ ಸಂತೆ ಗೌಡನ ಸಂತೆಗಿಂತ ದೊಡ್ಡದಾಯಿತೇ ಅಜ್ಜಾ?’

‘ಇಲ್ಲ. ಸಾಹುಕಾರನ ಸಂತೆಯಷ್ಟೂ ಆಗಲಿಲ್ಲ. ಆದರೆ ಸೋಮವಾರ ಸೋಮವಾರ ತಪ್ಪದೆ ಕೂಡಿತು. ನಾನೇ ಕಣ್ಣಾರೆ ಕಂಡಿದ್ದೇನೆ. ಆ ಮುದುಕಿ ಬೇರೆ ಯಾರೂ ಅಲ್ಲ, ನನ್ನ ಅಜ್ಜಿ. ಆ ಸಂಜೆ ಅವಳ ಒಂದು ಕಂಕುಳಲ್ಲಿ ಕೋಳಿ, ಇನ್ನೊಂದು ಕಂಕುಳಲ್ಲಿ ನಾನು. ನನಗಿನ್ನೂ ಹಲ್ಲು ಬಂದಿರಲಿಲ್ಲ. ಕೋಳಿ ಮೊಟ್ಟೆ ಇಟ್ಟದ್ದನ್ನು ಎಲ್ಲರಿಗಿಂತ ಮೊದಲು ನೋಡಿ ಚಪ್ಪಾಳೆ ತಟ್ಟಿದವನು ನಾನೇ.’

ಮಮ್ತಾಜ್ ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟಳು.

‘ಒಂದು ನಿಮಿಷ ಅಜ್ಜಾ. ಸಂತೆಗೆ ಡಂಗುರ ಸಾರುವಾಗ ನಿಮ್ಮ ಮೀಸೆ ಕಿವಿಗೆ ಸುತ್ತು ಬರುತ್ತಿತ್ತು ಅಂದಿರಿ. ಈಗ ನೋಡಿದರೆ ಅದೇ ಸಂತೆಯಲ್ಲಿ ಅಜ್ಜಿಯ ಕಂಕುಳಲ್ಲಿದ್ದೀರಿ. ಅದೂ ಹೋಳಿಗೆ ಉಂಡ ಮೇಲೆ! ಹಲ್ಲೇ ಇಲ್ಲದವರು ಅಷ್ಟು ಹೋಳಿಗೆ ಹೇಗೆ ತಿಂದಿರಿ?’

ಎದುರಿನ ಚಹಾ ಅಂಗಡಿಯವರೂ ನಕ್ಕರು. ನನಗೂ ನಗು ಬಂತು. ಇಂದುಧರ ಮಾತ್ರ ನಗಲಿಲ್ಲ. ಅವನ ಜೇಬಿನಲ್ಲಿ ಫೋನು ಕೂಗಲು ಶುರುವಾಗಿತ್ತು. ತೆಗೆದು ನೋಡಿದ. ಕಂಪನಿಯವರದೇ.

‘ಅಜ್ಜಾ, ನಿಮ್ಮ ಮಾತು ನಂಬಿ ಕೂತಿದ್ದೆನಲ್ಲ. ಇದೆಲ್ಲ ಸುಳ್ಳಾದರೆ ನಾನು ಇವರಿಗೆ ಏನು ಹೇಳಲಿ?’

ನಾನು ಹೆಗಲು ಕುಣಿಸಿದೆ.

‘ಮೀಸೆ ಸುಳ್ಳು. ಕೋಳಿ ನಿಜ.’

ಇಂದುಧರ ಬೆಂಚಿನ ಮೇಲಿದ್ದ ಮಮ್ತಾಜಳ ಅಜ್ಜಿಯ ಫೋನನ್ನು ನೋಡುತ್ತ ಕೂತ. ಅವನ ಕೈಯಲ್ಲಿದ್ದ ಫೋನು ಕೂಗಿ ಕೂಗಿ ಸುಮ್ಮನಾಯಿತು.