ಸಂತ ಸ್ತೆಫನರ ಹಬ್ಬದ ಮೊದಲ ಪಂಕ್ತಿ

ಬಂಡೆಪಾಳ್ಯವೆಂದರೆ ಕಲ್ಲು ಒಡೆಯುವವರ ಊರು. ಅಲ್ಲಿನ ತಗಡು ಹೊದಿಸಿದ ಪುಟ್ಟ ದೇವಾಲಯದಲ್ಲಿ ಪೂಜ್ಯ ಅಮಲನಾಥ ಸ್ವಾಮಿಗಳು ಹನ್ನೆರಡು ವರ್ಷ ಸೇವೆ ಮಾಡಿದರು. ಕ್ರಿಸ್ಮಸ್ಸಿನ ದಿನ ಅವರು ಹಬ್ಬದೂಟ ಮಾಡಿದ್ದನ್ನು ನಾನಂತೂ ಕಾಣೆ. ಅವರ ಊಟವೇನಿದ್ದರೂ ಮಾರನೆಯ ದಿನ, ಸಂತ ಸ್ತೆಫನರ ಹಬ್ಬದಂದು.

ಕ್ರಿಸ್ಮಸ್ ಪೂಜೆಗೆ ಬಂದವರು ಬಾಗಿಲ ಬಳಿಯ ಮರದ ಪೆಟ್ಟಿಗೆಗೆ ಅಕ್ಕಿ, ಬೇಳೆ ಸುರಿಯುವರು. ಮರುದಿನ ಅದನ್ನು ತೆರೆದು ಅಡುಗೆ. ಯೇಸುವಿನ ಮೊದಲ ಶಿಷ್ಯರ ಕಾಲದ ಆದಿಸಭೆಯಲ್ಲಿ ವಿಧವೆಯರ ಅನ್ನಕ್ಕೆ ಹೊಣೆಯಾಗಿದ್ದವರು ಸ್ತೆಫನರಲ್ಲವೇ? ಅದಕ್ಕೇ ಮೊದಲ ಪಂಕ್ತಿ ವಿಧವೆಯರದು, ಬಡಿಸುವವರು ಗಂಡಸರು. ಎಂಥ ಮೀಸೆಯ ಮೇಸ್ತ್ರಿಯಾದರೂ ಸೊಂಟಕ್ಕೆ ಟವಲು ಬಿಗಿದು ಬಗ್ಗಲೇಬೇಕು!

ಒಂದು ವರ್ಷ ಗಣಿಯ ಮೇಸ್ತ್ರಿ ಇನ್ನಾಸಪ್ಪ ದೇವಾಲಯದ ಬೇಲಿಯಾಚೆ ನಿಂತಿದ್ದ. ಅದಕ್ಕೆ ಏಳು ವರ್ಷದ ಹಿಂದೆ, ಹಬ್ಬಕ್ಕೆ ಬೇಗ ಮನೆ ಸೇರುವ ಆತುರದಲ್ಲಿ, ಎಲ್ಲರೂ ಗಣಿಯಿಂದ ಮೇಲೆ ಬಂದರೋ ಇಲ್ಲವೋ ನೋಡದೆ ಬಂಡೆ ಸಿಡಿಸುವ ಮದ್ದಿನ ಬತ್ತಿಗೆ ಬೆಂಕಿ ಕೊಟ್ಟುಬಿಟ್ಟಿದ್ದ. ನಮ್ಮೂರ ಸೌರಮ್ಮನ ಗಂಡ ಒಳಗೇ ಉಳಿದು ಸತ್ತ. ಅಂದಿನಿಂದ ಇವನು ದೇವಾಲಯದ ಮೆಟ್ಟಿಲು ತುಳಿದಿರಲಿಲ್ಲ.

ಸ್ವಾಮಿಗಳು ತಾವೇ ಹೋಗಿ ಅವನ ಕೈಗೆ ಸೌಟು ಕೊಟ್ಟರು.

"ಬೇಡಿ ಸ್ವಾಮಿ, ಇದು ಕೊಂದ ಕೈ."

"ಸ್ತೆಫನರನ್ನು ಕಲ್ಲು ಹೊಡೆದು ಕೊಂದವರ ಬಟ್ಟೆ ಕಾಯುತ್ತ ನಿಂತಿದ್ದವನೂ ಒಬ್ಬನಿದ್ದ. ಇವತ್ತು ಅವರನ್ನೇ ಸಂತ ಪೌಲರು ಅಂತ ಕೈ ಮುಗೀತೀವಿ. ಬಾ."

ಅವನು ಸೊಂಟಕ್ಕೆ ಟವಲು ಬಿಗಿದು ಬಡಿಸುತ್ತ ಬಂದ. ಸೌರಮ್ಮನ ಮುಂದೆ ಬಂದಾಗ ಆಕೆ ಎಲೆಯನ್ನು ಮಡಿಚಿಬಿಟ್ಟರು.

ಸ್ವಾಮಿಗಳು ಆಕೆಯ ಪಕ್ಕ ಕುಳಿತರು. "ಕ್ಷಮಿಸು ಅಂತ ನಾನು ಕೇಳೋದಿಲ್ಲ, ಮಗಳೇ. ಕೋಪ ಇದ್ದರೆ ಇರಲಿ. ಹೇಳಬೇಕಾದ್ದನ್ನ ಅವನ ಮುಖಕ್ಕೇ ಹೇಳಿಬಿಡು."

ಆಗ ಆ ತಾಯಿಯ ದುಃಖದ ಕಟ್ಟೆಯೊಡೆಯಿತು. "ಏಳು ವರ್ಷ ಕಣೋ! ಒಂದು ದಿನ ನನ್ನ ಬಾಗಿಲಿಗೆ ಬಂದ್ಯಾ? ತಪ್ಪಾಯ್ತು ಅನ್ನೋಕೆ ನಿನ್ನ ನಾಲಿಗೆ ಬಿದ್ದುಹೋಗಿತ್ತಾ?"

ಇನ್ನಾಸಪ್ಪ ಮೊಣಕಾಲೂರಿ ಕುಸಿದ. "ತಪ್ಪಾಯ್ತು ಅಕ್ಕಾ. ಹೆದರಿಕೆ... ನಿನ್ನ ಮುಖ ನೋಡೋಕೆ ಹೆದರಿಕೆ ಅಕ್ಕಾ!"

ಸೌರಮ್ಮ ಬಹಳ ಹೊತ್ತು ಅತ್ತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎಲೆ ಬಿಡಿಸಿದರು. "ಏಳು. ಅನ್ನ ಆರುತ್ತೆ, ಬಡಿಸು."

ಯಾರೋ ಓಡಿ ಗಂಟೆ ಹೊಡೆದರು, "ಸಂತ ಸ್ತೆಫನರಿಗೆ ಜಯವಾಗಲಿ!" ಎಂದು ಊರಿಗೆ ಊರೇ ಕೂಗಿತು.

ಬಡಿಸಿದವರಿಗೆ ಕೊನೆಯಲ್ಲಿ ಸ್ವಾಮಿಗಳೇ ಬಡಿಸುವುದು ವಾಡಿಕೆ. ಅಂದು ಅವರು ಏಳುವ ಮೊದಲೇ ಸೌರಮ್ಮ ಅನ್ನದ ಬುಟ್ಟಿ ಎತ್ತಿಕೊಂಡು ಇನ್ನಾಸಪ್ಪನ ಮುಂದೆ ನಿಂತಿದ್ದರು.

"ಸಾಕು ಅನ್ನಬೇಡ," ಎಂದರು, "ಏಳು ವರ್ಷದ ಹಸಿವು ನಿನಗೂ ಇದೆ."