ಮಸಿ ಬಳಿದ ಗೋಡೆ

“ಗುರುಗಳೇ, ಕೆಲಸಕ್ಕೆ ಬಂದವರು ಎಳೆ ಮಕ್ಕಳ ಹಾಗೆ ಗೊಂಬೆ ಚಿತ್ರ ನೋಡಿಕೊಂಡು ಹಲ್ಲು ಕಿರಿಯುತ್ತಾ ಕೂತರೆ, ಅದು ಬದುಕಿಗೆ ಬೆನ್ನು ತೋರಿಸಿ ಓಡಿಹೋದ ಹಾಗಲ್ಲವೇ?”

ಭಾನುವಾರ ಬೆಳಗ್ಗೆ ಹಾಲೇಶ ಈ ಪ್ರಶ್ನೆ ಕೇಳಿದ. ಕೇಳಿದ ಎನ್ನುವುದಕ್ಕಿಂತ ಎಸೆದ ಎನ್ನಬೇಕು. ಅವನು ಒಂದು ವಿಮಾ ಕಚೇರಿಯಲ್ಲಿ ಹದಿನಾಲ್ಕು ಜನರ ಮೇಲ್ವಿಚಾರಕ. ಎಂಟು ವರ್ಷಗಳಿಂದ ಗುರುಗಳ ಬಳಿ ಬರುತ್ತಿದ್ದ. ಬಂದಾಗಲೆಲ್ಲ ಮೊದಲು ನಮಸ್ಕಾರ ಮಾಡಿ, ಅವರ ಮಂಡಿನೋವು ವಿಚಾರಿಸಿ, ಆಮೇಲೆ ಕೂರುತ್ತಿದ್ದವನು. ಅಂದು ಚಪ್ಪಲಿ ಬಿಟ್ಟವನೇ ಪ್ರಶ್ನೆ ಎತ್ತಿದ.

ಗುರುಗಳು ಜಗಲಿಯಲ್ಲಿ ಕೂತು ಹರಿವೆ ಸೊಪ್ಪು ಬಿಡಿಸುತ್ತಿದ್ದರು. ಅವರು ಶಾಂತಮೂರ್ತಿ ಎಂದು ಯಾರೂ ಹೇಳಿದವರಿಲ್ಲ. ಶಿಷ್ಯನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

“ಯಾರ ಮೇಲೆ ಸಿಟ್ಟು?” ಎಂದರು.

ಹಾಲೇಶ ಅದಕ್ಕೇ ಕಾದಿದ್ದ. “ವನಮಾಲ ಅಂತ ಒಬ್ಬಳಿದ್ದಾಳೆ, ಗುರುಗಳೇ. ಗುತ್ತಿಗೆ ಮೇಲೆ ಬಂದವಳು. ಊಟಕ್ಕೆ ಕೂತರೆ ಸಾಕು, ಫೋನನ್ನ ನೀರಿನ ಬಾಟಲಿಗೆ ಒರಗಿಸಿ ಇಡ್ತಾಳೆ. ಜಪಾನಿನವರ ಗೊಂಬೆ ಚಿತ್ರ, ಅನಿಮೆ ಅಂತೆ. ಒಂದೊಂದು ಮೂರೇ ನಿಮಿಷ. ಒಂದು ಬಾತುಕೋಳಿ ಅಂಚೆಯವನ ಟೋಪಿ ಹಾಕ್ಕೊಂಡು ಕಾಗದ ಹಂಚೋಕೆ ಹೊರಡುತ್ತೆ, ದಿನಾ ತಪ್ಪು ಮನೆಗೇ ಕೊಟ್ಟು ಬರುತ್ತೆ. ಅಷ್ಟೇ ಕತೆ! ಅದಕ್ಕೆ ಐದಾರು ಜನ ಸುತ್ತ ಸೇರಿ ಬಿದ್ದು ಬಿದ್ದು ನಗ್ತಾರೆ. ಮೇಲಿನವರು ಊಟದ ಹೊತ್ತನ್ನ ಇಪ್ಪತ್ತು ನಿಮಿಷಕ್ಕೆ ಇಳಿಸಿದ್ದಾರೆ. ಮೂವರ ಕೆಲಸ ಒಬ್ಬೊಬ್ಬರ ತಲೆಗೆ ಕಟ್ಟಿದ್ದಾರೆ. ನನ್ನ ತಲೆ ಗಿರ್ ಅಂತಿದೆ. ಇಂಥ ಕಡೆ ಇವರಿಗೆ ನಗು ಹೇಗೆ ಬರುತ್ತೆ?”

“ನೀನು ನೋಡಿದೆಯಾ ಆ ಬಾತುಕೋಳಿಯನ್ನ?”

“ನಾನ್ಯಾಕೆ ನೋಡಲಿ? ನನಗೆ ಬೇರೆ ಕೆಲಸ ಇಲ್ವೇ?”

ನೋಡದವನಿಗೆ ಟೋಪಿಯ ಸಂಗತಿ ಹೇಗೆ ಗೊತ್ತಾಯಿತು ಎಂದು ಗುರುಗಳು ಕೇಳಲಿಲ್ಲ. ಹಾಲೇಶ ಅಂಗಿಯ ಜೇಬು ತಟ್ಟಿ ತೋರಿಸಿದ. ಒಳಗೆ ಮಡಚಿದ ಕಾಗದವೊಂದು ಇತ್ತು.

“ಶಿಸ್ತಿಲ್ಲ ಅಂತ ಬರೆದಿದ್ದೀನಿ. ನಾಳೆ ಬೆಳಗ್ಗೆ ಅವಳ ಕೈಗೇ ಕೊಡ್ತೀನಿ. ಇದೊಂದು ಕೈ ಸೇರಿದರೆ ಅವಳ ಗುತ್ತಿಗೆ ಮುಂದುವರಿಯಲ್ಲ. ಆಗ ಬುದ್ಧಿ ಬರುತ್ತೆ ಎಲ್ಲರಿಗೂ. ನಾನು ಮಾಡ್ತಿರೋದು ಸರಿ ತಾನೇ?”

ಗುರುಗಳು ಕೈಯಲ್ಲಿದ್ದ ಸೊಪ್ಪನ್ನು ಮೊರಕ್ಕೆ ಹಾಕಿದರು. “ಕೂತ್ಕೋ,” ಎಂದರು. ಹಾಲೇಶ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಅವನದು ರೇಷ್ಮೆ ನೂಲು ತೆಗೆಸುವ ವ್ಯಾಪಾರ. ಉದ್ದನೆಯ ಒಂದು ಕೋಣೆ. ಕೋಣೆಯ ತುಂಬ ಒಲೆಗಳು. ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಕುದಿಯುವ ನೀರು, ನೀರಿನಲ್ಲಿ ರೇಷ್ಮೆ ಗೂಡು. ಕೆಲಸದವರು ಆ ನೀರಿಗೆ ಬೆರಳು ಹಾಕಿ ಗೂಡಿನಿಂದ ಎಳೆ ಹುಡುಕಿ ತೆಗೆಯಬೇಕು. ಎಳೆ ಸಿಕ್ಕಿದ ಮೇಲೆ ಅದರಿಂದ ಕಣ್ಣು ಕೀಳುವಂತಿಲ್ಲ. ಕಿತ್ತರೆ ಎಳೆ ಹರಿಯುತ್ತದೆ, ಮತ್ತೆ ಬೆರಳು ಕುದಿನೀರಿಗೆ ಹೋಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ತಲೆ ಬಗ್ಗಿಸಿಕೊಂಡೇ ಇರಬೇಕು. ಆ ಕೋಣೆಯಲ್ಲಿ ದುಡಿದವರ ಬೆರಳ ತುದಿಯಲ್ಲಿ ಚರ್ಮ ನಿಲ್ಲುತ್ತಿರಲಿಲ್ಲ. ಆ ನೂಲಿನ ಸೀರೆ ಉಟ್ಟವರು ಯಾರೂ ಆ ಬೆರಳುಗಳನ್ನು ನೋಡಿದವರಲ್ಲ.

ದಿನಕ್ಕೆ ನಾಲ್ಕು ಸಲ ನೀರು ಬದಲಿಸಬೇಕಿತ್ತು. ಗೂಡಿನೊಳಗಿನ ಹುಳು ಬೆಂದು ನೀರು ಕಂದಾಗುತ್ತದೆ. ಕಂದು ನೀರಿನಲ್ಲಿ ತೆಗೆದ ನೂಲಿಗೆ ಹೊಳಪು ಬರುವುದಿಲ್ಲ. ಹಳೆಯ ನೀರು ಚೆಲ್ಲಿ, ಹೊಸ ನೀರು ತುಂಬಿ, ಒಲೆಗೆ ಒಣಸೌದೆ ಒಟ್ಟಿದರೆ ಉರಿ ಎದ್ದು ಉರಿಯುತ್ತಿತ್ತು. ನೀರು ಕುದಿಯುವವರೆಗೆ ಕೆಲಸವಿಲ್ಲ. ಆ ಉರಿಯ ಬೆಳಕು ಎದುರಿನ ಸುಣ್ಣದ ಗೋಡೆಯ ಮೇಲೆ ಬೀಳುತ್ತಿತ್ತು.

ಕೆಲಸದವರಲ್ಲಿ ಒಬ್ಬ ಮುದುಕಿ ಇದ್ದಳು. ನಲವತ್ತು ವರ್ಷ ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳುಗಳು ಸೊಟ್ಟಗಾಗಿದ್ದವು. ನೀರು ಬದಲಿಸಿದ ಕೂಡಲೇ ಅವಳು ಒಲೆಗೂ ಗೋಡೆಗೂ ನಡುವೆ ನಿಂತು ಎರಡೂ ಕೈ ಎತ್ತುತ್ತಿದ್ದಳು. ಗೋಡೆಯ ಮೇಲೆ ಒಂದು ಮೊಲ ಬರುತ್ತಿತ್ತು. ಬೆರಳು ನೆಟ್ಟಗಾಗದ ಕಾರಣ ಮೊಲದ ಒಂದು ಕಿವಿ ಯಾವಾಗಲೂ ಮಡಚಿಕೊಂಡೇ ಇರುತ್ತಿತ್ತು. ಆ ಮೊಲ ಹೋಟೆಲು ಇಟ್ಟಿತ್ತು. ದೋಸೆ ಮಗುಚಲು ಹೋಗಿ ದಿನವೂ ಗಿರಾಕಿಯ ತಲೆಯ ಮೇಲೆ ಹಾಕುತ್ತಿತ್ತು. ಗಿರಾಕಿ ಆನೆ. ಆನೆ ಆ ದೋಸೆಯನ್ನು ಟೋಪಿ ಎಂದುಕೊಂಡು ಖುಷಿಯಿಂದ ಮನೆಗೆ ಹೋಗುತ್ತಿತ್ತು. ಇಷ್ಟರಲ್ಲಿ ನೀರು ಕುದಿ ಬರುತ್ತಿತ್ತು. ಎಲ್ಲರೂ ನಗುತ್ತಲೇ ಹೋಗಿ ಮತ್ತೆ ಬೆರಳು ಅದ್ದುತ್ತಿದ್ದರು. ಮಾರನೆಯ ದಿನವೂ ಮೊಲ ಬರುತ್ತಿತ್ತು. ಹಿಂದಿನ ದಿನದಿಂದ ಅದು ಏನೂ ಕಲಿತಿರುತ್ತಿರಲಿಲ್ಲ.

ಆ ಕೋಣೆಗೆ ಒಬ್ಬ ಮೇಸ್ತ್ರಿ ಇದ್ದ. ಅವನೂ ಒಂದು ಕಾಲಕ್ಕೆ ಬಾಣಲೆಯ ಮುಂದೆ ಕೂತವನೇ. ಅದೇ ಮೊಲವನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವನೇ. ಮೇಸ್ತ್ರಿಯಾದ ಮೇಲೆ ಕೈ ಒಣಗಿತು, ಹೊಸ ಚರ್ಮ ಬಂತು. ಅದರ ಜೊತೆಗೆ ಹಳೆಯದೆಲ್ಲ ಮರೆತೂ ಹೋಯಿತು.

ಒಂದು ದಿನ ವರ್ತಕ ಅವನನ್ನು ಕರೆಸಿದ. “ನಾಳೆಯಿಂದ ಒಬ್ಬೊಬ್ಬರಿಗೆ ಎರಡೆರಡು ಬಾಣಲೆ. ನೋಡಿಕೋ,” ಎಂದ. ಒಂದೇ ಬಾಣಲೆಗೆ ಎರಡು ಕಣ್ಣು ಸಾಲದು ಎಂದು ಮೇಸ್ತ್ರಿಗೆ ಗೊತ್ತಿತ್ತು. ಇದು ಅನ್ಯಾಯ ಎಂದೂ ಗೊತ್ತಿತ್ತು. ಅವನ ಮೈ ಕಾಲಿನಿಂದ ತಲೆಯವರೆಗೆ ಉರಿಯಿತು. ಆದರೆ ಬಾಯಿ ಮಾತ್ರ, “ಆಗಲಿ ಸಾಹುಕಾರ್ರೇ,” ಎಂದಿತು.

ಅಲ್ಲಿಂದ ಹಲ್ಲು ಕಚ್ಚಿಕೊಂಡು ಕೋಣೆಗೆ ಬಂದ. ಬಾಗಿಲಲ್ಲೇ ನಗು ಕೇಳಿಸಿತು. ಗೋಡೆಯ ಮೇಲೆ ಮೊಲ ದೋಸೆ ಮಗುಚುತ್ತಿತ್ತು.

“ಏನಿದು ಮಂಗನಾಟ?” ಎಂದು ಕೂಗಿದ.

ಮುದುಕಿ ಕೈ ಇಳಿಸಲಿಲ್ಲ. “ಮಂಗ ಅಲ್ಲಪ್ಪ, ಮೊಲ. ಇದನ್ನ ನೋಡುವಷ್ಟು ಹೊತ್ತು ಕೈ ಉರಿ ಗೊತ್ತಾಗಲ್ಲ. ನಿನಗೂ ಗೊತ್ತಿದ್ದದ್ದೇ ಅಲ್ವೇ?” ಎಂದಳು.

“ಉರಿ ಮರೆಯೋಕೆ ಬಂದಿದ್ದೀರೋ, ಕೆಲಸ ಮಾಡೋಕೆ ಬಂದಿದ್ದೀರೋ? ನಾಚಿಕೆ ಆಗಲ್ವೇ ನಿಮಗೆ? ನಾಳೆಯಿಂದ ಎರಡೆರಡು ಬಾಣಲೆ. ನಗಿ ಈಗ!”

ಯಾರೂ ನಗಲಿಲ್ಲ. ಅವನಿಗೆ ಅಷ್ಟು ಸಾಲದಾಯಿತು. ಒಲೆಗಳ ಮಸಿಯನ್ನೆಲ್ಲ ಕೆರೆದು, ಎಣ್ಣೆಯಲ್ಲಿ ಕಲಸಿ, ಸುಣ್ಣದ ಗೋಡೆಗೆ ಈ ಮೂಲೆಯಿಂದ ಆ ಮೂಲೆಯವರೆಗೆ ತಾನೇ ಬಳಿದ. ಇನ್ನೊಬ್ಬರ ಕೈಲಿ ಮಾಡಿಸುವಷ್ಟು ತಾಳ್ಮೆ ಅವನಿಗಿರಲಿಲ್ಲ. ಗೋಡೆ ಕಾಡಿಗೆಯ ಹಾಗಾಯಿತು. ಅದರ ಮೇಲೆ ಯಾವ ನೆರಳೂ ಕಾಣುತ್ತಿರಲಿಲ್ಲ.

ಮಾರನೆಯ ದಿನದಿಂದ ಕೋಣೆ ಸದ್ದಿಲ್ಲದಾಯಿತು. ಎರಡೆರಡು ಬಾಣಲೆಗಳ ನಡುವೆ ಜನ ಕತ್ತು ಅತ್ತಿತ್ತ ತಿರುಗಿಸುತ್ತ ದುಡಿದರು. ನೀರು ಬದಲಿಸಿದಾಗ ಸುಮ್ಮನೆ ನೆಲ ನೋಡಿಕೊಂಡು ನಿಂತರು. ಮೇಸ್ತ್ರಿ ಇದನ್ನು ಶಿಸ್ತು ಎಂದುಕೊಂಡ. ಮೀಸೆ ತಿರುವಿಕೊಂಡು ಓಡಾಡಿದ.

ತಿಂಗಳು ಕಳೆದ ಮೇಲೆ ವರ್ತಕ ಬಂದು ಕೋಣೆಯಲ್ಲಿ ಒಂದು ಸುತ್ತು ಹಾಕಿದ. ಒಂದು ಪಿಸುಮಾತೂ ಇಲ್ಲ. ವರ್ತಕನಿಗೆ ಬಹಳ ಸಂತೋಷವಾಯಿತು. “ಇಷ್ಟು ಸುಮ್ಮನೆ ಕೆಲಸ ಮಾಡುವವರನ್ನು ಕಾಯಲು ಮೇಸ್ತ್ರಿ ಯಾಕೆ ಬೇಕು?” ಎಂದ. “ಆ ಮೂಲೆಯಲ್ಲಿ ಎರಡು ಬಾಣಲೆ ಖಾಲಿ ಇವೆ. ನಾಳೆಯಿಂದ ನೀನೂ ಕೂತುಬಿಡು.”

ಮೇಸ್ತ್ರಿಯ ಮೈ ಮತ್ತೆ ಉರಿಯಿತು. ಬಾಯಿ ಮತ್ತೆ, “ಆಗಲಿ ಸಾಹುಕಾರ್ರೇ,” ಎಂದಿತು.

ಇಲ್ಲಿ ಗುರುಗಳು ನಿಲ್ಲಿಸಿದರು. ಅವರ ದನಿ ಏರಿತ್ತು. ಹಾಲೇಶನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಮೇಸ್ತ್ರಿಯ ಮೇಲೆ ಅವನಿಗೆ ಕೆಟ್ಟ ಸಿಟ್ಟು ಬಂದಿತ್ತು. ಎಂಥ ಹೇಡಿ, ಒಂದು ಮಾತಾದರೂ ಆಡಬಾರದಿತ್ತೇ ಎಂದುಕೊಂಡ. ಗುರುಗಳು ಮುಂದುವರಿಸಿದರು.

ಮಾರನೆಯ ದಿನ ಮೇಸ್ತ್ರಿ ಬಾಣಲೆಯ ಮುಂದೆ ಕೂತ. ಹೊಸ ಚರ್ಮ ಒಂದೇ ಗಳಿಗೆಯಲ್ಲಿ ಬೊಬ್ಬೆ ಎದ್ದಿತು. ಎಡಗಡೆಯ ಎಳೆ ಹಿಡಿದರೆ ಬಲಗಡೆಯದು ಹರಿಯಿತು. ಬಲಗಡೆಯದನ್ನು ಹಿಡಿದರೆ ಎಡಗಡೆಯದು ಹರಿಯಿತು. ಯಾರೂ ಅವನನ್ನು ಅಣಕಿಸಲಿಲ್ಲ. ಅಣಕಿಸಲು ಅವರಲ್ಲಿ ತ್ರಾಣವಿರಲಿಲ್ಲ. ಕೊನೆಗೆ ನೀರು ಬದಲಿಸುವ ಹೊತ್ತು ಬಂತು. ಮೇಸ್ತ್ರಿ ಕೈ ಹೊರಗೆ ತೆಗೆದು ಉಫ್ ಉಫ್ ಎಂದು ಊದಿಕೊಂಡ. ಒಲೆಯಲ್ಲಿ ಉರಿ ಎದ್ದಿತು. ಅವನ ತಲೆ ತಾನಾಗಿ ಗೋಡೆಯ ಕಡೆ ತಿರುಗಿತು.

ಗೋಡೆ ಕಪ್ಪಗಿತ್ತು.

ಅವನು ಮುದುಕಿಯ ಹತ್ತಿರ ಹೋದ. “ಅಜ್ಜೀ, ಒಂದೇ ಒಂದು ಸಲ ಆ ಮೊಲ ತೋರಿಸು,” ಎಂದ.

ಮುದುಕಿ ಎದ್ದು ಬಂದು ಉರಿಯ ಮುಂದೆ ಎರಡೂ ಕೈ ಎತ್ತಿದಳು. “ತೋರಿಸ್ತಾ ಇದ್ದೀನಪ್ಪ. ನೀನು ಬಳಿದ ಮಸಿಯಲ್ಲೇ ಎಲ್ಲೋ ಇದೆ. ಹುಡುಕಿಕೋ,” ಎಂದಳು.

ಮೇಸ್ತ್ರಿ ಹುಡುಕಿದ. ಮೊಲ ಕಾಣಲಿಲ್ಲ. ಅದು ಕಾಣದೆ ಇದ್ದಾಗ ಅವಳ ಕೈ ಕಂಡಿತು. ಉಗುರು ಹೋದ, ಸೊಟ್ಟಗಿನ, ಬೆಂದ ಹತ್ತು ಬೆರಳು. ಇಷ್ಟು ವರ್ಷ ಅವನು ಅವನ್ನು ನೋಡಿಯೇ ಇರಲಿಲ್ಲ. ಅಷ್ಟರಲ್ಲಿ ನೀರು ಕುದಿಯಿತು.

ಕತೆ ಮುಗಿಯಿತು. ಗುರುಗಳು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡರು.

ಹಾಲೇಶನಿಗೆ ಸಮಾಧಾನವಾಗಲಿಲ್ಲ. ಮುಖ ಬಿಸಿಯಾಗಿತ್ತು. “ಅಂದರೆ ಸಿಟ್ಟು ಮಾಡ್ಕೊಳ್ಳಲೇಬಾರದೇ ಗುರುಗಳೇ? ಎಲ್ಲರೂ ಮೊಲ ನೋಡಿಕೊಂಡು ಕೂತಿರಬೇಕೇ? ಆ ಮೊಲದಿಂದ ಒಂದು ಬಾಣಲೆಯಾದರೂ ಕಡಿಮೆ ಆಯ್ತೇ?”

“ಆಗಲಿಲ್ಲ,” ಎಂದರು ಗುರುಗಳು. “ಮಸಿ ಬಳಿದದ್ದರಿಂದ ಆಯ್ತೇ?”

ಹಾಲೇಶನ ಕೈ ಜೇಬಿನ ಕಡೆ ಹೋಯಿತು.

“ಸಿಟ್ಟು ಬೇಡ ಅಂತ ಯಾರೋ ಹೇಳಿದವರು ನಿನಗೆ?” ಗುರುಗಳು ಗದರಿದರು. “ಇಪ್ಪತ್ತು ನಿಮಿಷದಲ್ಲಿ ಅನ್ನ ನುಂಗಿ ಮೂವರ ಕೆಲಸ ಮಾಡಿ ಅಂದರೆ ಕೇಳಿದ ನನಗೇ ಮೈ ಉರೀತಿದೆ. ನಿನಗೆ ಇನ್ನೆಷ್ಟು ಉರೀಬೇಕು! ಒಂದು ಹೇಳು. ಊಟದ ಹೊತ್ತು ಇಳಿಸ್ತೀವಿ ಅಂತ ಮೇಲಿನವರು ಅಂದ ದಿನ, ನೀನು ಎದುರಿಗೇ ಇದ್ದೆಯಾ?”

“ಇದ್ದೆ.”

“ಏನಂದೆ?”

ಹಾಲೇಶನ ಕೈ ಜೇಬಿನ ಮೇಲಿತ್ತು. ಆ ದಿನದ ಮೀಟಿಂಗು ಅವನ ಕಣ್ಣ ಮುಂದೆ ಬಂತು. ಮೈಯೆಲ್ಲ ಉರಿದಿತ್ತು. ಉಗುರು ಅಂಗೈಗೆ ನೆಟ್ಟಿತ್ತು. ಹದಿನಾಲ್ಕು ಜನರ ಪರವಾಗಿ ಆಡಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಹೊರಗೆ ಬಂದು ನೋಡಿದರೆ ವನಮಾಲ ನಗುತ್ತಿದ್ದಳು. ಅವಳ ಹಿಂದೆ ನಿಂತು ಅವನು ಮೂರು ಕಂತು ನೋಡಿದ್ದ. ಮೂರನೆಯದಕ್ಕೆ ತುಟಿಯವರೆಗೆ ಬಂದ ನಗುವನ್ನು ನುಂಗಿಕೊಂಡಿದ್ದ. ಆಮೇಲೆ ತನ್ನ ಮೇಜಿಗೆ ಹೋಗಿ ಈ ಕಾಗದ ಬರೆದಿದ್ದ.

“ಆಗಲಿ ಸರ್ ಅಂದೆ,” ಎಂದ. ದನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

ಗುರುಗಳು ಸೊಪ್ಪಿನಿಂದ ಕೈ ತೆಗೆಯದೆ, ತಲೆ ಎತ್ತದೆ, ಒಂದೇ ಮಾತು ಹೇಳಿದರು.

“ಹಾಗಾದರೆ ಆ ಬಾತುಕೋಳಿ ನೀನೇ ಕಣೋ, ಕಾಗದ ಹಿಡ್ಕೊಂಡು ತಪ್ಪು ಮನೆಗೆ ಹೊರಟಿದ್ದೀಯ.”