ಹೋರಿ ನಂದು ಅಂದ ಭರಮವ್ವ

ಬಹಳ ಹಿಂದಿನ ಮಾತು. ಒಂದೂರಿತ್ತು. ಊರಿನ ಹೆಸರು ಕೇಳಬೇಡಿ, ಹೇಳಿದರೆ ಆ ಊರಿನವರೇ ಬಂದು ನಡೆದದ್ದು ಹಾಗಲ್ಲ, ಹೀಗೆ ಅಂತ ಜಗಳ ತೆಗೀತಾರೆ. ಆ ಊರಲ್ಲಿ ಭರಮವ್ವ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡಿದ್ದ, ಇದ್ದವನು ಒಬ್ಬನೇ ಮಗ, ಸೋಮಲಿಂಗ. ಅವನು ತೊಟ್ಟಿಲಲ್ಲಿದ್ದಾಗ ಜ್ವರ ಏರಿ, ಕಣ್ಣು ತೇಲಿಸಿ, ಇನ್ನೇನು ಹೋದ ಅನ್ನೋ ಹಾಗಾಯಿತಂತೆ. ಭರಮವ್ವ ಬಸವಣ್ಣನ ಗುಡಿಗೆ ಓಡಿ, ಮಗ ಉಳಿದರೆ ಹಟ್ಟಿಯಲ್ಲಿರೋ ಹೋರಿಗರು ನಿನಗೇ ಬಿಡ್ತೀನಿ ಅಂತ ಹರಕೆ ಹೊತ್ತಳಂತೆ. ಮಗ ಉಳಿದ. ಕರು ದೇವರ ಪಾಲಾಯಿತು.

ದೇವರಿಗೆ ಬಿಟ್ಟ ಹೋರಿ ಅಂದರೆ ಗೊತ್ತಲ್ಲ, ಯಾರ ಹೊಲಕ್ಕೆ ನುಗ್ಗಿದರೂ ಹೊಡೆಯೋ ಹಾಗಿಲ್ಲ. ಬಿಟ್ಟವರಂತೂ ಕೋಲೆತ್ತಬಾರದು, ಹಗ್ಗ ಹಾಕಬಾರದು, ಬಾಯಿತಪ್ಪಿಯೂ ನಂದು ಅನ್ನಬಾರದು. ಅಂದರೆ ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ. ಆಗ ದೇವರೂ ತಾನು ಕೊಟ್ಟದ್ದನ್ನು ಕಿತ್ತುಕೊಳ್ತಾನೆ ಅಂತ ಊರಿನ ನಂಬಿಕೆ. ಭರಮವ್ವನಿಗೆ ದೇವರು ಕೊಟ್ಟದ್ದು ಮಗನ ಜೀವ.

ಆ ಸೀಮೆಯ ಅರಸನಿಗೆ ಒಂದು ಸಲ ವಿಮಾನದ ಹುಚ್ಚು ಹಿಡೀತು. ಇಬ್ಬರು ಕೂರುವಷ್ಟು ಪುಟ್ಟ ವಿಮಾನ ತರಿಸಿದ. ಅದು ಇಳಿಯಲಿಕ್ಕೆ ಬೇರೆ ಜಾಗವೇ ಸಿಗಲಿಲ್ಲವೇನೋ, ಊರ ದನ ಮೇಯೋ ಗೋಮಾಳವೇ ಬೇಕಾಯಿತು. ಕಲ್ಲು ಆರಿಸಿ, ಮಣ್ಣು ಹಾಕಿ, ಉದ್ದಕ್ಕೆ ನೆಲ ಗಟ್ಟಿ ಮಾಡಿಸಿದರು. ದನಕ್ಕೇನು ಗೊತ್ತು ಅರಸನ ಹುಚ್ಚು? ಎಂದಿನ ಹಾಗೆ ಅಲ್ಲಿಗೇ ಬಂದವು. ಅವನ್ನು ಓಡಿಸೋ ಕೆಲಸ ಭರಮವ್ವನಿಗೆ ಸಿಕ್ಕಿತು. ಆಕಾಶದಲ್ಲಿ ಗುಯ್ ಅಂದರೆ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಲು ಹಿಡಿದು ಓಡುವಳಂತೆ. ಅವಳ ಕೂಗಿಗೆ ದನವಿರಲಿ, ಮರದಡಿ ಇಸ್ಪೀಟಾಡೋ ಗಂಡಸರೂ ಎದ್ದು ಓಡುತ್ತಿದ್ದರಂತೆ.

ಆದರೆ ದೇವರ ಹೋರಿಗೆ ಆ ಗಟ್ಟಿ ನೆಲವೇ ಹಾಸಿಗೆ. ಅದನ್ನು ಹೊಡೆಯೋ ಹಾಗಿಲ್ಲವಲ್ಲ, ಭರಮವ್ವ ಮಡಿಲಲ್ಲಿ ಶೇಂಗಾ ಹಿಂಡಿ ಇಟ್ಟುಕೊಂಡು, ಆಸೆ ತೋರಿಸಿ ಎಬ್ಬಿಸುವಳು. ಒಂದು ದಿನ ಯಾರದೋ ಜೋಳದ ಹೊಲ ಖಾಲಿ ಮಾಡಿ ಬಂದಿದ್ದ ಹೋರಿ ಹಿಂಡಿ ಮೂಸಿಯೂ ನೋಡಲಿಲ್ಲ. ವಿಮಾನ ಇಳೀತಾ ಇತ್ತು. ಭರಮವ್ವ ಕೈಮುಗಿದಳು, ಗೋಗರೆದಳು, ಏಳಪ್ಪಾ ನನ್ನಪ್ಪಾ ಅಂದಳು. ಹೋರಿ ಮೆಲುಕು ಹಾಕ್ತಾ ಮಲಗಿತ್ತು. ಕೋಲು ಕೈಯಲ್ಲೇ ಇತ್ತು, ಒಂದೇಟು ಬಿಗಿದಿದ್ದರೆ ಏಳುತ್ತಿತ್ತು. ಕೈ ಮೇಲೇಳಲಿಲ್ಲವಂತೆ. ತೊಟ್ಟಿಲಲ್ಲಿ ಕಣ್ಣು ತೇಲಿಸಿದ ಮಗನ ಮುಖ ಕಣ್ಣಿಗೆ ಕಟ್ಟಿತ್ತಂತೆ.

ಚಕ್ರ ನೆಲ ಮುಟ್ಟಿದ ಮೇಲೆ ಪೈಲಟ್ಟಿಗೆ ಹೋರಿ ಕಂಡಿತು. ಗಾಬರಿಯಾಗಿ ಪಕ್ಕಕ್ಕೆ ತಿರುಗಿಸಿದ. ರೆಕ್ಕೆ ಹೋರಿಯ ಕೊಂಬಿಗೆ ತಾಗಿ, ವಿಮಾನ ಗಿರಕಿ ಹೊಡೆದು ಹತ್ತಿ ಹೊಲದಲ್ಲಿ ಮಗುಚಿ ಬಿತ್ತು. ಹೋರಿಯ ಒಂದು ಕೊಂಬು ಹೋಯಿತು, ಪೈಲಟ್ಟಿನ ಕಾಲು ಮುರೀತು. ಭರಮವ್ವನೇ ಅವನನ್ನು ಹೊರಗೆಳೆದು ಹೊತ್ತು ತಂದಳು ಅಂತಾರೆ. ವಿಮಾನವನ್ನೂ ಎತ್ತಿ ನೆಟ್ಟಗೆ ನಿಲ್ಲಿಸಿದಳು ಅನ್ನೋರೂ ಇದ್ದಾರೆ, ಅದನ್ನ ನಂಬಬೇಡಿ.

ಮಾರನೇ ದಿನ ಅರಮನೆಯ ಕಾರಭಾರಿ ಬಂದೂಕಿನವರನ್ನು ಕರಕೊಂಡು ಬಂದ. ಹೋರಿ ಯಾರದು ಅಂತ ಕೇಳಿದ. ದೇವರದು ಅಂತ ಊರೆಲ್ಲ ಅಂದಿತು. ದೇವರನ್ನು ಹಿಡಿದುಕೊಂಡು ಹೋಗೋದು ತನ್ನಿಂದಾಗದು, ಹೋರಿಗೆ ಒಡೆಯರಿದ್ದರೆ ಅವರಿಗೆ ಶಿಕ್ಷೆ, ಇಲ್ಲದಿದ್ದರೆ ಹೋರಿಗೇ ಗುಂಡು, ಇದು ಅರಸರ ಅಪ್ಪಣೆ ಅಂದ. ಪೂಜಾರಿ ನೆಲ ನೋಡಿದ, ಗೌಡ ಆಕಾಶ ನೋಡಿದ. ಮುರಿದ ಕೊಂಬಿಗೆ ಅರಿಶಿನ ಹಚ್ಚಿಸಿಕೊಂಡ ಹೋರಿ ಬೇವಿನ ಮರದಡಿ ಬಾಲ ಬೀಸ್ತಾ ನಿಂತಿತ್ತು. ಬಂದೂಕಿನವನು ಗುರಿ ಹಿಡಿದ.

"ಹೋರಿ ನಂದು" ಅಂದಳು ಭರಮವ್ವ.

ಹೆಂಗಸರು ಬಾಯಿಗೆ ಸೆರಗು ಹಿಡಿದರು. ಪೂಜಾರಿ ಹತ್ತಿರ ಬಂದು, ಮಗನ ನೆನಪಾದರೂ ಇದೆಯೇನವ್ವ ಅಂತ ಕೇಳಿದನಂತೆ.

"ಐತ್ರಿ ಅಜ್ಜಾರ. ನನ್ನ ಮಗನ್ನ ಅವ ಉಳಿಸಿದ. ಅವನ ಹೋರಿ ಸಾಯೂದನ್ನ ನಾ ನಿಂತು ನೋಡ್ಲೇನ್ರಿ?"

ಹಾಗನ್ನುವಾಗ ಹೆದರಿಕೆ ಆಗಿತ್ತು, ಆಗದೆ ಏನು? ತಾಯಲ್ಲವೇ.

ಹೋರಿ ಉಳೀತು. ಪೈಲಟ್ಟು ಎದ್ದು ನಡೆಯೋ ತನಕ ಅರಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚಬೇಕು ಅಂತ ಭರಮವ್ವನಿಗೆ ಶಿಕ್ಷೆಯಾಯಿತು. ಮಗನನ್ನು ತಂಗಿಯ ಮನೆಯಲ್ಲಿ ಬಿಟ್ಟು ಹೋದಳು. ಇತ್ತ ಊರಿಗೆ ಊರೇ ಆ ಹುಡುಗನಿಗೆ ಏನಾಗುತ್ತದೋ ಅಂತ ಕಾಯಿತು. ಒಲೆಗೆ ಕೆಂಡ ಕೇಳೋ ನೆಪದಲ್ಲಿ ಹೆಂಗಸರು ಬಂದು ಅವನ ಹಣೆ ಮುಟ್ಟಿ ನೋಡಿ ಹೋಗುವರು. ಅತ್ತ ಊರಿನ ಗಾಡಿ ಅರಮನೆಗೆ ಬಂದರೆ ಭರಮವ್ವ ಎದುರಿಗೆ ಬರುತ್ತಿರಲಿಲ್ಲವಂತೆ. ಹುಲ್ಲಿನ ಬಣವೆಯ ಮರೆಯಲ್ಲಿ ನಿಂತು, ಗಾಡಿಯವರ ಮಾತಲ್ಲಿ ಮಗನ ಹೆಸರು ಬರುತ್ತದೋ ಅಂತ ಕಿವಿಗೊಡುವಳು. ಬರಲಿಲ್ಲವೆಂದರೆ ಕೆಟ್ಟ ಸುದ್ದಿ ಇಲ್ಲ ಅಂತ ಒಳಗೆ ಹೋಗಿ ಊಟ ಮಾಡುವಳು.

ಕೊನೆಗೂ ಪೈಲಟ್ಟು ಎದ್ದು ನಡೆದ. ಭರಮವ್ವ ಊರಿಗೆ ಬಂದಳು. ಸೋಮಲಿಂಗ ಚಿಕ್ಕಮ್ಮನ ಮನೆ ಕಟ್ಟೆ ಮೇಲೆ ಕೂತು, ಮೂಗು ಸುರಿಸಿಕೊಂಡು ರೊಟ್ಟಿ ತಿನ್ನುತ್ತಿದ್ದ. ಭರಮವ್ವ ಬೀದಿಯಲ್ಲೇ ಕುಸಿದು ಕೂತು ಅತ್ತಳು. ಅವನು ಹಲ್ಲೆಲ್ಲ ಉದುರೋ ತನಕ ಬದುಕಿದನಂತೆ. ದೇವರು ಸುಮ್ಮನಿದ್ದ ಅಂತಾರೆ ಕೆಲವರು, ಒಪ್ಪಿಕೊಂಡ ಅಂತಾರೆ ಕೆಲವರು.

ಈಗಲೂ ಆ ಊರಲ್ಲಿ ಬಸವಣ್ಣನಿಗೆ ಕರು ಬಿಡುವಾಗ, ಇದು ಯಾರದು ಅಂತ ಪೂಜಾರಿ ಕೇಳ್ತಾನೆ. ದೇವರದು ಅಂತ ಊರೆಲ್ಲ ಅನ್ನುತ್ತದೆ. ಅಷ್ಟಕ್ಕೇ ಹಗ್ಗ ಬಿಚ್ಚೋದಿಲ್ಲ. ಇದಕ್ಕೆ ಕಷ್ಟ ಬಂದರೆ ಯಾರದು ಅಂತ ಇನ್ನೊಂದು ಸಲ ಕೇಳ್ತಾನೆ. ಆಗ ಊರು ಬಾಯಿಬಿಡೋ ಹಾಗಿಲ್ಲ. ಹರಕೆ ಹೊತ್ತ ಮನೆಯ ಹೆಂಗಸು ಮುಂದೆ ಬಂದು, ಎಲ್ಲರಿಗೂ ಕೇಳುವ ಹಾಗೆ, ನಂದು ಅನ್ನಬೇಕು.